ಎದುರಾಳಿ ಊರಲ್ಲಿ ಮೂರು ಸಾವಿರ ಗಂಟಲು

ಇವತ್ತು ನಮ್ಮ ದನಿ ಸ್ವಲ್ಪ ಕರಕರ ಅನ್ನುತ್ತಿದೆ. ಮೈಕ್ ಕೆಟ್ಟಿಲ್ಲ, ಗಂಟಲು ಕೆಟ್ಟಿದೆ. ಕಳೆದ ಶನಿವಾರ ನಾವಿಬ್ಬರೂ ಬರ್ಮಿಂಗ್‌ಹ್ಯಾಮ್‌ನಿಂದ ನ್ಯೂಕಾಸಲ್‌ಗೆ ಫುಟ್‌ಬಾಲ್ ಮ್ಯಾಚ್ ನೋಡೋಕೆ ಹೋಗಿದ್ವಿ. ಅವೇ ಮ್ಯಾಚ್. ಅಂದ್ರೆ ನಮ್ಮ ತಂಡ ಬೇರೆಯವರ ಊರಿಗೆ ಹೋಗಿ ಆಡುವ ಆಟ. ನಮ್ಮ ತಂಡ ಮಿಡ್‌ಲ್ಯಾಂಡ್ಸ್‌ನದು ಅನ್ನೋದಷ್ಟೇ ಹೇಳ್ತೀವಿ. ಹೆಸರು ಹೇಳಿದ್ರೆ ಅರ್ಧ ಕೇಳುಗರು ಇಲ್ಲಿಗೇ ಎಪಿಸೋಡ್ ನಿಲ್ಲಿಸಿಬಿಡ್ತಾರೆ.

ದಾರಿ ಸುಮಾರು 330 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿಂದ ಮಂಗಳೂರಿಗೆ ಹೋದ ಹಾಗೆ, ಶಿರಾಡಿ ಘಾಟ್ ಒಂದು ಇಲ್ಲ ಅಷ್ಟೆ. ಬೆಳಗ್ಗೆ ಏಳಕ್ಕೆ ಕೋಚ್ ಹತ್ತಿದ್ವಿ. ಇಂಗ್ಲೆಂಡ್‌ನಲ್ಲಿ 1985ರಿಂದ ಒಂದು ಕಾನೂನಿದೆ: ಮ್ಯಾಚಿಗೆ ಹೋಗುವ ಕೋಚಿನಲ್ಲಿ ಮದ್ಯ ಒಯ್ಯುವ ಹಾಗಿಲ್ಲ, ಸ್ಟೇಡಿಯಂ ಒಳಗೂ ಮೈದಾನ ಕಾಣುವ ಜಾಗದಲ್ಲಿ ಕುಡಿಯುವ ಹಾಗಿಲ್ಲ. ಹಾಗಾಗಿ ನಮ್ಮ ಕೋಚಿನಲ್ಲಿ ಫ್ಲಾಸ್ಕಿನ ಟೀ, ಸ್ಯಾಂಡ್‌ವಿಚ್, ನಮ್ಮದೊಂದು ಡಬ್ಬಿ ಚಿತ್ರಾನ್ನ. ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರು, ನಲವತ್ತು ವರ್ಷದಿಂದ ಅವೇ ಮ್ಯಾಚ್ ತಪ್ಪಿಸಿಲ್ಲವಂತೆ. ಚಿತ್ರಾನ್ನ ಒಂದು ಚಮಚ ತಿಂದು, ಕಡಲೆಬೀಜ ಮಾತ್ರ ಆರಿಸಿ ಇನ್ನೊಂದು ಚಮಚ ತಿಂದರು. ಆಮೇಲೆ ಕೇಳಿದರು: "ನೀವು ಸೈನ್ಸ್ ಓದಿದೋರು ಅಂತೀರಲ್ಲ, ನಾವು ಕೂಗಿದ್ರೆ ಏನಾದ್ರೂ ಉಪಯೋಗ ಇದೆಯಾ?"

ಈ ಎಪಿಸೋಡ್ ಅವರ ಆ ಪ್ರಶ್ನೆಗೆ ಉತ್ತರ. ಆದರೆ ನಮ್ಮ ಮನೆಯಲ್ಲಿ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಎದ್ದಿತ್ತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಹೋಗಬಹುದೋ ಬೇಡವೋ? ಅದಕ್ಕೂ ಬರ್ತೀವಿ.

ಮೊದಲು ಲೆಕ್ಕ. ಪ್ರೀಮಿಯರ್ ಲೀಗ್‌ನ ನಿಯಮದ ಪ್ರಕಾರ ಹೊರಗಿನಿಂದ ಬರುವ ತಂಡದ ಬೆಂಬಲಿಗರಿಗೆ 3000 ಟಿಕೆಟ್ ಕೊಡಬೇಕು, ಸಣ್ಣ ಸ್ಟೇಡಿಯಂ ಆದರೆ ಒಟ್ಟು ಆಸನಗಳ ಹತ್ತನೇ ಒಂದು ಭಾಗ. ಟಿಕೆಟ್ ಬೆಲೆಗೂ 2016ರಿಂದ 30 ಪೌಂಡ್ ಮಿತಿ ಇದೆ. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಸುಮಾರು 52,000 ಆಸನ. ಅಂದರೆ ನಾವು ಸುಮಾರು ಮೂರು ಸಾವಿರ, ಅವರು ಹತ್ತಿರ ಹತ್ತಿರ ನಲವತ್ತೊಂಬತ್ತು ಸಾವಿರ. ನಮ್ಮ ಹದಿನಾರು ಪಟ್ಟು.

ಹಾಗಾದ್ರೆ ಅವರ ಗದ್ದಲ ನಮ್ಮ ಗದ್ದಲದ ಹದಿನಾರು ಪಟ್ಟು ಕೇಳಿಸಬೇಕಲ್ವಾ? ಇಲ್ಲ. ಒಬ್ಬರು ಕೂಗುವ ಕಡೆ ಇಬ್ಬರು ಕೂಗಿದರೆ ಶಬ್ದದ ಮಟ್ಟ ಏರುವುದು ಬರೀ 3 ಡೆಸಿಬೆಲ್. ಜನ ಪ್ರತಿ ಸಲ ಎರಡು ಪಟ್ಟಾದಾಗಲೂ ಅಷ್ಟೆ, ಇನ್ನೊಂದು 3. ಈಗ ಎಣಿಸಿ: ಮೂರು ಸಾವಿರ, ಆರು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು ಸಾವಿರ. ನಾಲ್ಕು ಸಲ ದುಪ್ಪಟ್ಟು. ನಾಲ್ಕು ಮೂರ್ಲಿ ಹನ್ನೆರಡು. ಅಂದರೆ ಅವರೆಲ್ಲ ಒಟ್ಟಿಗೆ ಗಂಟಲು ಹರಿದುಕೊಂಡರೂ ನಮಗಿಂತ 12 ಡೆಸಿಬೆಲ್ ಮಾತ್ರ ಜಾಸ್ತಿ. ಇನ್ನು ನಮ್ಮ ಕಿವಿಯ ಲೆಕ್ಕ ಬೇರೆ. ಸುಮಾರು 10 ಡೆಸಿಬೆಲ್ ಏರಿದರೆ ನಮಗೆ "ಎರಡು ಪಟ್ಟು ಜೋರು" ಅನಿಸುತ್ತದೆ. ಹಾಗಾಗಿ ಹದಿನಾರು ಪಟ್ಟು ಜನ ಕೂಗಿದರೂ ಕಿವಿಗೆ ಅದು ಎರಡೂ ಕಾಲು ಪಟ್ಟಿನಷ್ಟು. ಮನೆಯಲ್ಲಿ ಒಂದು ಮಗು ಅಳುತ್ತಿದ್ದಾಗ ಇನ್ನೊಂದೂ ಶುರು ಮಾಡಿದರೆ ಅಂಥ ವ್ಯತ್ಯಾಸವೇನೂ ಆಗಲ್ಲ ಅಂತ ಅಮ್ಮಂದಿರು ಹೇಳ್ತಾರಲ್ಲ, ಅದೇ ಇದು.

ಇದು ಎಲ್ಲರೂ ಒಟ್ಟಿಗೆ ಕೂಗಿದರೆ. ಆದರೆ ದೊಡ್ಡ ಸ್ಟೇಡಿಯಂ ಇಡೀ ಒಟ್ಟಿಗೆ ಹಾಡೋದು ಭೌತಶಾಸ್ತ್ರದ ಪ್ರಕಾರವೇ ಕಷ್ಟ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಈ ತುದಿಯ ಸ್ಟ್ಯಾಂಡಿನಿಂದ ಆ ತುದಿಯದಕ್ಕೆ 150 ಮೀಟರ್ ಇದೆ ಅಂದುಕೊಳ್ಳಿ. ಅಲ್ಲಿಯ ಚಪ್ಪಾಳೆ ಇಲ್ಲಿಗೆ ತಲುಪುವ ಹೊತ್ತಿಗೆ 0.44 ಸೆಕೆಂಡ್ ಕಳೆದಿರುತ್ತದೆ. ಸೆಕೆಂಡಿಗೆ ಎರಡು ಚಪ್ಪಾಳೆಯ ತಾಳ ಹಾಕುತ್ತಿದ್ದರೆ ಅವರ ಮೊದಲನೇ ಚಪ್ಪಾಳೆ ನಿಮಗೆ ಹೆಚ್ಚುಕಡಿಮೆ ಎರಡನೆಯದರ ಜೊತೆ ಕೇಳಿಸುತ್ತದೆ. ಕಿವಿ ನಂಬಿ ತಾಳ ಹಿಡಿದವರೆಲ್ಲ ತಪ್ಪುತ್ತಾರೆ, ಹಾಡು ಕಲಸಿದ ಅನ್ನ ಆಗುತ್ತದೆ. ನಮ್ಮ ಮೂರು ಸಾವಿರ ಜನ ಇದ್ದಿದ್ದು ಒಂದೇ ಮೂಲೆಯಲ್ಲಿ. ನಲವತ್ತು ಮೀಟರ್ ಅಗಲದ ಗುಂಪಲ್ಲಿ ಈ ತುದಿಯಿಂದ ಆ ತುದಿಗೆ ಶಬ್ದ ಹೋಗೋಕೆ 0.12 ಸೆಕೆಂಡ್ ಸಾಕು. ಹಾಡಿನ ಪದಗಳು ಸ್ಪಷ್ಟವಾಗಿ, ಒಂದೇ ದನಿಯಾಗಿ ಹೊರಗೆ ಬೀಳುತ್ತವೆ. ಟಿವಿಯಲ್ಲಿ ನೋಡುವಾಗಲೂ ಅವೇ ಬೆಂಬಲಿಗರ ಹಾಡೇ ಚೆನ್ನಾಗಿ ಕೇಳಿಸುತ್ತೆ ಅನಿಸಿದ್ದರೆ ಅದು ನಿಮ್ಮ ಭ್ರಮೆ ಅಲ್ಲ.

ಇನ್ನೊಂದು ಕಾರಣವೂ ಇದೆ, ಅದಕ್ಕೆ ಭೌತಶಾಸ್ತ್ರ ಬೇಕಾಗಿಲ್ಲ. ಬೆಳಗ್ಗೆ ಏಳಕ್ಕೆ ಎದ್ದು 330 ಕಿಲೋಮೀಟರ್ ಬಂದವರು ಸುಮ್ಮನೆ ಕೂರೋಕೆ ಬಂದಿರಲ್ಲ. ಅವೇ ಟಿಕೆಟ್ ಸಿಗುವುದೇ ವರ್ಷಗಟ್ಟಲೆ ಹೋಗಿ ಪಾಯಿಂಟ್ ಕೂಡಿಸಿದವರಿಗೆ. ಆರಿಸಿ ತೆಗೆದ ಗಂಟಲುಗಳು ಅವು. ನಮಗೆ ಸಿಕ್ಕಿದ್ದು ಯಾರೋ ಇಬ್ಬರಿಗೆ ಜ್ವರ ಬಂದಿದ್ದರಿಂದ.

ಆದರೆ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಅವೇ ಬೆಂಬಲಿಗರ ಜಾಗ ಎಲ್ಲಿ ಗೊತ್ತಾ? ಲೀಝಸ್ ಸ್ಟ್ಯಾಂಡಿನ ತುತ್ತತುದಿಯ ಮೂಲೆ, ಏಳನೇ ಹಂತ. ಹದಿನಾಲ್ಕು ಸುತ್ತು ಮೆಟ್ಟಿಲು ಅಂತ ಪ್ರಸಿದ್ಧಿ. ಅಲ್ಲಿಂದ ಆಟಗಾರರು ಕೇರಂ ಕಾಯಿ ಥರ ಕಾಣ್ತಾರೆ, ನ್ಯೂಕಾಸಲ್ ಊರಂತೂ ಚೆನ್ನಾಗಿ ಕಾಣುತ್ತದೆ. ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಇಪ್ಪತ್ತು ಮೀಟರ್‌ನಲ್ಲಿ ಕೂಗುವವನನ್ನು ಎಂಬತ್ತು ಮೀಟರ್ ದೂರಕ್ಕೆ ಕಳಿಸಿದರೆ 12 ಡೆಸಿಬೆಲ್ ನಷ್ಟ. ಇದು ಒಬ್ಬನೇ ನಿಂತು ಕೂಗುವವನ ಲೆಕ್ಕ. ಅಗಲವಾಗಿ ಹರಡಿದ ಗುಂಪಿಗೆ ನಷ್ಟ ಇಷ್ಟಾಗಲ್ಲ, ಮೇಲಿನ ಛಾವಣಿಯೂ ಸ್ವಲ್ಪ ದನಿಯನ್ನು ವಾಪಸ್ ತಳ್ಳುತ್ತದೆ. ಆದರೂ ದಿಕ್ಕು ಅದೇ: ದೂರ ಕೂರಿಸಿದಷ್ಟೂ ದನಿ ಸಣ್ಣದು.

ಸರಿ, ದನಿ ಕೇಳಿಸಿತು ಅಂತಿಟ್ಟುಕೊಳ್ಳೋಣ. ಕೇಳಿಸಿದರೆ ಆಟದ ಮೇಲೆ ಏನಾದರೂ ಪರಿಣಾಮ ಆಗುತ್ತಾ?

ಸ್ವಂತ ಮೈದಾನದಲ್ಲಿ ಆಡುವ ತಂಡ ಹೆಚ್ಚು ಗೆಲ್ಲುತ್ತದೆ ಅನ್ನೋದು ಹಳೆಯ ವಿಷಯ. ಯಾಕೆ ಅನ್ನೋದಕ್ಕೆ ಪ್ರಯಾಣದ ಸುಸ್ತು, ಪರಿಚಯದ ಹುಲ್ಲು, ಅಂತೆಲ್ಲ ಕಾರಣ ಕೊಡ್ತಾರೆ. ನ್ಯೂಕಾಸಲ್‌ನಲ್ಲೇ ಇರುವ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದ ನೀವ್ ಮತ್ತು ವುಲ್ಫ್‌ಸನ್ 2003ರಲ್ಲಿ, ಹೋಮ್ ಮ್ಯಾಚಿನ ಮುಂಚೆ ಆಟಗಾರರ ಟೆಸ್ಟೊಸ್ಟೆರಾನ್ ಮಟ್ಟ ಜಾಸ್ತಿ ಇರುತ್ತೆ ಅಂತ ತೋರಿಸಿದರು. ನೋಡಿದ ಆಟಗಾರರು ಕೆಲವರೇ, ಹಾಗಾಗಿ ನಾವು ಅದನ್ನು ಬಹಳ ಹಿಗ್ಗಿಸಲ್ಲ. ನಮಗೆ ಹೆಚ್ಚು ಇಷ್ಟವಾದ ಪ್ರಯೋಗ ರೆಫರಿಗಳ ಮೇಲಿನದು.

2002ರಲ್ಲಿ ನೆವಿಲ್, ಬಾಮರ್, ವಿಲಿಯಮ್ಸ್ ಅನ್ನುವ ಮೂವರು ಸಂಶೋಧಕರು ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಲೆಸ್ಟರ್ ವಿರುದ್ಧ ನಡೆದ ಒಂದು ಆಟದ ವಿಡಿಯೋ ತಗೊಂಡರು. ಅದರಿಂದ ಆಟಗಾರರು ಒಬ್ಬರ ಮೇಲೊಬ್ಬರು ಬೀಳುವ 47 ಘಟನೆ ಆರಿಸಿದರು. ಅರ್ಹತೆ ಪಡೆದ ನಲವತ್ತು ರೆಫರಿಗಳನ್ನು ಕೂರಿಸಿ, ಫೌಲ್ ಹೌದೋ ಅಲ್ಲವೋ ಹೇಳಿ ಅಂದರು. ಕೆಲವರಿಗೆ ಜನರ ಗದ್ದಲ ಸಮೇತ ತೋರಿಸಿದರು, ಉಳಿದವರಿಗೆ ಶಬ್ದ ಇಲ್ಲದೆ. ಅದೇ ವಿಡಿಯೋ, ಅದೇ ನಿಯಮಪುಸ್ತಕ. ಗದ್ದಲ ಕೇಳಿದವರು ಹೋಮ್ ತಂಡದ ವಿರುದ್ಧ ಶೇ. 15.5ರಷ್ಟು ಕಡಿಮೆ ಫೌಲ್ ಕೊಟ್ಟರು.

ಇಲ್ಲಿ ಸೂಕ್ಷ್ಮ ಒಂದಿದೆ. ಗದ್ದಲಕ್ಕೆ ಹೆದರಿ ಅವರು ಹೊರಗಿನ ತಂಡಕ್ಕೆ ಸುಳ್ಳು ಸುಳ್ಳೇ ಫೌಲ್ ಕೊಟ್ಟರು ಅಂತಲ್ಲ. ಹೋಮ್ ತಂಡದವರು ತಪ್ಪು ಮಾಡಿದಾಗ ಸೀಟಿ ಊದೋಕೆ ಹಿಂಜರಿದರು. ಅನುಮಾನ ಇದ್ದ ಕಡೆ ಸುಮ್ಮನಾದರು. ನಮ್ಮ ಮನಸ್ಸು ಗೊಂದಲದಲ್ಲಿ ಇದ್ದಾಗ ಸುತ್ತಲಿನವರ ದನಿಯನ್ನೂ ಒಂದು ಸಾಕ್ಷಿ ಅಂತ ತಗೊಳ್ಳುತ್ತದೆ, ರೆಫರಿಯೂ ಮನುಷ್ಯನೇ. ಸ್ಪೇನ್‌ನ ಲೀಗ್ ಬಗ್ಗೆ ಗರಿಕಾನೊ ಮತ್ತು ಸಂಗಡಿಗರು 2005ರಲ್ಲಿ ಬರೆದ ಪ್ರಬಂಧದಲ್ಲೂ ಇದೇ ಬಣ್ಣ: ಹೋಮ್ ತಂಡ ಒಂದು ಗೋಲಿನಿಂದ ಹಿಂದಿದ್ದರೆ ರೆಫರಿ ಕೊನೆಗೆ ಸೇರಿಸುವ ಹೆಚ್ಚುವರಿ ಸಮಯ ಉದ್ದ, ಮುಂದಿದ್ದರೆ ಗಿಡ್ಡ.

ಆದರೆ ಇದನ್ನು ನಿಜವಾದ ಮೈದಾನದಲ್ಲಿ ಪರೀಕ್ಷೆ ಮಾಡೋದು ಹೇಗೆ? ಜನರನ್ನು ತೆಗೆದು ಅದೇ ಆಟ ಆಡಿಸಬೇಕು. ಯಾವ ವಿಶ್ವವಿದ್ಯಾಲಯವೂ ಅಂಥ ಪ್ರಯೋಗಕ್ಕೆ ದುಡ್ಡು ಕೊಡಲ್ಲ. ಕೊರೋನಾ ಪುಕ್ಕಟೆಯಾಗಿ ಮಾಡಿಸಿಬಿಟ್ಟಿತು. 2020ರ ಮೇ 16ಕ್ಕೆ ಜರ್ಮನಿಯ ಬುಂಡೆಸ್‌ಲಿಗಾ ಖಾಲಿ ಸ್ಟೇಡಿಯಂಗಳಲ್ಲಿ ಮತ್ತೆ ಶುರುವಾಯಿತು. ಅದಕ್ಕೆ ಮುಂಚೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಆಟ ಗೆಲ್ಲುತ್ತಿದ್ದ ಹೋಮ್ ತಂಡಗಳು ಆಮೇಲೆ ಗೆದ್ದಿದ್ದು ಸುಮಾರು ಮೂರರಲ್ಲೊಂದು. ಹೊರಗಿನ ತಂಡಗಳಿಗೇ ಹೆಚ್ಚು ಹಳದಿ ಕಾರ್ಡ್ ಸಿಗುವ ವಾಡಿಕೆಯೂ ಖಾಲಿ ಸ್ಟೇಡಿಯಂಗಳಲ್ಲಿ ಕರಗಿತು. ಇಂಗ್ಲೆಂಡ್‌ನಲ್ಲಿ 2020-21ರ ಸೀಸನ್ ಬಹುಪಾಲು ಜನರಿಲ್ಲದೆ ನಡೆಯಿತು. ಪ್ರೀಮಿಯರ್ ಲೀಗ್‌ನ 380 ಆಟಗಳಲ್ಲಿ ಹೋಮ್ ತಂಡ ಗೆದ್ದಿದ್ದು 144, ಹೊರಗಿನ ತಂಡ ಗೆದ್ದಿದ್ದು 153. ಈ ದೇಶದ ಮೊದಲ ದರ್ಜೆಯ ಲೀಗ್‌ನಲ್ಲಿ ಅವೇ ಗೆಲುವುಗಳು ಹೋಮ್ ಗೆಲುವುಗಳನ್ನು ಮೀರಿಸಿದ್ದು ಅದೇ ಮೊದಲು.

ಅಜ್ಜನಿಗೆ ಇದನ್ನೆಲ್ಲ ಹೇಳಿದಾಗ ಅವರು ಒಂದೇ ಮಾತು ಅಂದರು: "ಅಂದ್ರೆ ಅವರು ಕೂಗಿದ್ರೆ ಉಪಯೋಗ ಇದೆ. ನಾವು ಕೂಗಿದ್ರೆ?" ನಿಜ, ಈ ಅಧ್ಯಯನಗಳು ಹೆಚ್ಚಾಗಿ ತೂಗಿದ್ದು ದೊಡ್ಡ ಗುಂಪನ್ನು. ನಮ್ಮ ಉತ್ತರ ಇಷ್ಟೇ ಆಗಿತ್ತು: ರೆಫರಿಯ ಕಿವಿಗೆ ಬೀಳುವ ಸಾಕ್ಷಿ ಒಂದೇ ಕಡೆಯದಾಗದ ಹಾಗೆ ಮಾಡಬಹುದು, ನಲವತ್ತೊಂಬತ್ತು ಸಾವಿರ ಜನ ಸುಮ್ಮನಾದ ಗಳಿಗೆಯಲ್ಲಿ ನಮ್ಮ ದನಿ ಒಂದೇ ಇರುತ್ತದೆ. ಅವರು "ಸಾಕು ಬಿಡಿ" ಅಂತ ಕಣ್ಣು ಮುಚ್ಚಿ ನಿದ್ದೆ ಹೋದರು.

ಈಗ ಸ್ಟೆಂಟ್ ವಿಷಯ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ತುರ್ತು ವೈದ್ಯರ ದಾಖಲೆಗಳನ್ನು ವಿಲ್‌ಬರ್ಟ್-ಲಾಂಪೆನ್ ಮತ್ತು ಸಂಗಡಿಗರು ಪರಿಶೀಲಿಸಿದರು. 2008ರಲ್ಲಿ ಅದು ಪ್ರಕಟವಾಯಿತು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82. ಆಟ ಶುರುವಾದ ಮೊದಲ ಎರಡು ಗಂಟೆಯಲ್ಲೇ ಅತಿ ಹೆಚ್ಚು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಇದಕ್ಕೆ ಸ್ಟೇಡಿಯಂಗೇ ಹೋಗಬೇಕಾಗಿರಲಿಲ್ಲ, ಮನೆಯ ಸೋಫಾದ ಮೇಲೂ ಆಗುತ್ತಿತ್ತು. ಉದ್ವೇಗದಲ್ಲಿ ಅಡ್ರಿನಲಿನ್ ಏರುತ್ತದೆ, ನಾಡಿ ಮತ್ತು ರಕ್ತದೊತ್ತಡ ಜಿಗಿಯುತ್ತವೆ, ಮೊದಲೇ ಕಿರಿದಾದ ರಕ್ತನಾಳಕ್ಕೆ ಅದು ಹೊರೆ.

ಈ ಅಂಕಿ ಕೇಳಿದ ಮೇಲೆ ಮನೆಯವರು "ಹಾಗಾದ್ರೆ ಮನೇಲೇ ಕೂತ್ಕೊಂಡು ಸ್ಕೋರ್ ನೋಡಿ" ಅಂದರು. ಡಾಕ್ಟರನ್ನೇ ಕೇಳಿದ್ವಿ. ಅವರು ಬೇಡ ಅನ್ನಲಿಲ್ಲ. ಮಾತ್ರೆ ತಪ್ಪಿಸಬೇಡಿ, ಸ್ಪ್ರೇ ಜೇಬಲ್ಲಿರಲಿ, ಮೆಟ್ಟಿಲು ನಿಧಾನ ಹತ್ತಿ, ಹೊಟ್ಟೆ ಬಿರಿಯ ತಿಂದು ಓಡಬೇಡಿ, ಎದೆ ಹಿಡಿದ ಹಾಗಾದರೆ ಆಟ ಎಷ್ಟೇ ರೋಚಕವಾಗಿರಲಿ ಪಕ್ಕದವರಿಗೆ ಹೇಳಿ ಅಂದರು. ಇದು ಒಬ್ಬರ ದೇಹಕ್ಕೆ ಒಬ್ಬ ಡಾಕ್ಟರು ಕೊಟ್ಟ ಸಲಹೆ, ನಿಮ್ಮದನ್ನು ನಿಮ್ಮವರ ಹತ್ತಿರ ಕೇಳಿ. ಪ್ರತಿ ಎರಡು ಸುತ್ತಿಗೆ ಒಮ್ಮೆ ನಿಂತು ಹತ್ತಿದ್ವಿ. ನಮ್ಮನ್ನು ಅಜ್ಜ ಹಿಂದಿಕ್ಕಿ ಹೋದರು, ಅದನ್ನೂ ಹೇಳಿಬಿಡ್ತೀವಿ.

ಇನ್ನೊಂದು ವಿಷಯ ಹೇಳೋಕೆ ನಮಗೆ ಅಷ್ಟು ಹಗುರ ಅನಿಸಲ್ಲ. ಆಟ ಮುಗಿದ ಮೇಲೆ ಅದೇ ಮೆಟ್ಟಿಲಲ್ಲಿ ಮೂರು ಸಾವಿರ ಜನ ಇಳಿಯಬೇಕು. ಮೊದಲ ತಿರುವಿನಲ್ಲಿ ಸಾಲು ನಿಂತಿತು. ಹಿಂದಿನವರು ಹಾಡುತ್ತಾ ಬರ್ತಾನೇ ಇದ್ದರು. ಒಂದು ನಿಮಿಷ, ಅಷ್ಟೇ. ಸಿಬ್ಬಂದಿ ಮೇಲಿನ ಬಾಗಿಲಲ್ಲೇ ಜನರನ್ನು ತಡೆದು, ತುಂಡು ತುಂಡಾಗಿ ಬಿಟ್ಟರು. ಆದರೆ ಆ ಒಂದು ನಿಮಿಷ ನಾವಿಬ್ಬರೂ ಒಂದೇ ಯೋಚನೆ ಮಾಡುತ್ತಿದ್ವಿ ಅಂತ ಆಮೇಲೆ ಗೊತ್ತಾಯಿತು: 2025ರ ಜೂನ್ 4, ಬೆಂಗಳೂರು. ಆರ್‌ಸಿಬಿ ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಹನ್ನೊಂದು ಜನ ಸತ್ತರು. ಅವತ್ತು ಇಲ್ಲಿಂದ ನಾವು ಊರಿಗೆ ಒಂದಾದ ಮೇಲೊಂದು ಫೋನ್ ಮಾಡುತ್ತಿದ್ವಿ. ಅಕ್ಕನ ಮಗ ಅಲ್ಲಿಗೆ ಹೋಗಿದ್ದ, ನಾಲ್ಕು ಗಂಟೆ ಅವನ ಫೋನ್ ಸಿಗಲಿಲ್ಲ. ಸಂಜೆ ಮನೆಗೆ ಬಂದ, ಕಾಲಲ್ಲಿ ಒಂದೇ ಚಪ್ಪಲಿ.

ನಮ್ಮ ಪತ್ರಿಕೆಗಳು ಇಂಥದ್ದಕ್ಕೆ ಕಾಲ್ತುಳಿತ ಅಂತ ಬರೆಯುತ್ತವೆ. ಆ ಪದ ನಮಗೆ ಒಪ್ಪಿಗೆ ಇಲ್ಲ. ಜನ ಹುಚ್ಚೆದ್ದು ಓಡಿ ಬಿದ್ದವರನ್ನು ತುಳಿದರು ಅನ್ನೋ ಚಿತ್ರ ಅದರಲ್ಲಿದೆ. ಪ್ರಪಂಚದ ಬಹಳಷ್ಟು ಗುಂಪು ದುರಂತಗಳಲ್ಲಿ ಓಡೋಕೆ ಜಾಗವೇ ಇರಲಿಲ್ಲ. ಜನ ನಿಂತಲ್ಲೇ, ನಿಂತ ಹಾಗೇ, ಉಸಿರುಗಟ್ಟಿ ಸತ್ತರು. ಉಸಿರು ಒಳಗೆ ಬರಬೇಕಾದರೆ ಎದೆಗೂಡು ಹಿಗ್ಗಬೇಕು. ಎಲ್ಲ ಕಡೆಯಿಂದ ಒತ್ತಿದರೆ ಅದು ಹಿಗ್ಗಲ್ಲ, ಬಾಯಿ ಮೂಗು ತೆರೆದೇ ಇದ್ದರೂ.

ಒಂದು ಚದರ ಮೀಟರ್ ಅಂದ್ರೆ ನಮ್ಮ ಊರ ಮನೆಗಳ ಎರಡಡಿ ಟೈಲ್ಸ್ ಮೂರಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಇಬ್ಬರು ಮೂವರು ಆರಾಮಾಗಿ ನಿಲ್ಲಬಹುದು. ಐದು ಜನ ಆದರೆ ಮೈಗೆ ಮೈ ತಾಗುತ್ತದೆ. ಅಮೆರಿಕದ ಇಂಜಿನಿಯರ್ ಜಾನ್ ಫ್ರೂಯಿನ್ 1993ರಲ್ಲಿ ಬರೆದಂತೆ, ಏಳರ ಹತ್ತಿರ ಬಂದರೆ ಗುಂಪು ಹೆಚ್ಚುಕಡಿಮೆ ದ್ರವ ಆಗುತ್ತದೆ. ಯಾರೂ ತಮ್ಮ ಕಾಲ ಮೇಲೆ ತಾವು ಇರಲ್ಲ. ಅಲೆಗಳು ಹುಟ್ಟಿ ಜನರನ್ನು ಮೂರು ಮೀಟರ್ ಆಚೆ ಎತ್ತಿ ಹಾಕುತ್ತವೆ. ದುರಂತಗಳ ಜಾಗದಲ್ಲಿ ಬಗ್ಗಿದ್ದ ಉಕ್ಕಿನ ಕಂಬಿಗಳು 4500 ನ್ಯೂಟನ್‌ಗೂ ಹೆಚ್ಚಿನ ಬಲ ಬಿದ್ದಿದ್ದನ್ನು ತೋರಿಸುತ್ತವೆ, ಸುಮಾರು 450 ಕಿಲೋ ಭಾರ ಒರಗಿದ ಹಾಗೆ. ಬೆಳಗ್ಗೆ ಒಂಬತ್ತರ ಬಿಎಂಟಿಸಿ ಬಸ್ಸಿನಲ್ಲೂ ದಟ್ಟಣೆ ಹೀಗೇ ಇರಲ್ವಾ ಅಂತ ಕೇಳಬಹುದು. ಇರುತ್ತೆ. ಆದರೆ ಬಸ್ಸಿಗೆ ಗೋಡೆ ಇದೆ, ಹಿಂದಿನಿಂದ ಇನ್ನೊಂದು ಸಾವಿರ ಜನ ತಳ್ಳಲ್ಲ.

2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಇನ್ನೂ ಚೆನ್ನಾಗಿ ತೋರಿಸಿತು. ಫ್ರಾನ್ಸ್‌ನ ಲಿಯಾನ್‌ನ ಡೆನಿಸ್ ಬಾರ್ತೊಲೊ ಮತ್ತು ಸಂಗಡಿಗರು ಸ್ಪೇನ್‌ನ ಪಾಂಪ್ಲೋನಾದಲ್ಲಿ ಸಾನ್ ಫರ್ಮಿನ್ ಹಬ್ಬದ ಆರಂಭಕ್ಕೆ ಚೌಕದಲ್ಲಿ ಸೇರುವ ಜನರನ್ನು ಮೇಲಿನಿಂದ ಚಿತ್ರಿಸಿದರು. ಚದರ ಮೀಟರಿಗೆ ಸುಮಾರು ನಾಲ್ಕು ಜನ ದಾಟಿದ ಮೇಲೆ ನೂರಾರು ಮಂದಿ ಒಟ್ಟಿಗೆ, ಯಾರೂ ಬೇಕೆಂದು ಮಾಡದೆಯೇ, ಸುತ್ತು ಸುತ್ತಾಗಿ ಓಲಾಡತೊಡಗಿದರು. ಒಂದು ಸುತ್ತಿಗೆ ಸುಮಾರು 18 ಸೆಕೆಂಡ್. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 2010ರಲ್ಲಿ 21 ಜನ ಸತ್ತ ಲವ್ ಪರೇಡ್‌ನ ವಿಡಿಯೋದಲ್ಲೂ ಅಂಥದ್ದೇ ಓಲಾಟ ಕಂಡಿತು. ಕ್ಯಾಮರಾ ಇಟ್ಟು ಈ ಓಲಾಟ ಗುರುತಿಸಿದರೆ ಅಪಾಯ ಬರುವ ಮುಂಚೆ ಗೇಟು ಮುಚ್ಚಬಹುದು ಅನ್ನೋದು ಅವರ ಆಸೆ.

ಅವೇ ಬೆಂಬಲಿಗರ ವಿಷಯ ಮಾತಾಡಿ ಹಿಲ್ಸ್‌ಬರೋ ಹೇಳದೆ ಇರೋಕಾಗಲ್ಲ. 1989ರ ಏಪ್ರಿಲ್ 15, ಶೆಫೀಲ್ಡ್. ಎಫ್ಎ ಕಪ್ ಸೆಮಿಫೈನಲ್. ಲಿವರ್‌ಪೂಲ್ ಬೆಂಬಲಿಗರು ಬೇರೆ ಊರಿಂದ ಬಂದವರು. ಹೊರಗೆ ಗೇಟಿನ ಹತ್ತಿರ ಜನ ಒತ್ತೊತ್ತಾದಾಗ, ಅದನ್ನು ಇಳಿಸೋಕೆ ಅಂತ 2 ಗಂಟೆ 52 ನಿಮಿಷಕ್ಕೆ ದೊಡ್ಡ ಗೇಟೊಂದನ್ನು ತೆರೆಯಲಾಯಿತು. ಒಳಗೆ ಬಂದವರ ಎದುರಿಗೇ ಸುರಂಗ, ಅದು ಹೋಗುತ್ತಿದ್ದುದು ಆಗಲೇ ತುಂಬಿದ್ದ ನಡುವಿನ ಕಂಬಿ ಆವರಣಗಳಿಗೆ. ಸುರಂಗದ ಬಾಯಿ ಮುಚ್ಚಲಿಲ್ಲ. ಪಕ್ಕದ ಆವರಣಗಳಲ್ಲಿ ಜಾಗ ಇತ್ತು. ಹಿಂದಿನಿಂದ ಬರುವವರಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತಿರಲಿಲ್ಲ. ಗುಂಪಿನಲ್ಲಿ ಬಲ ಮುಂದಕ್ಕೆ ಹೋಗುತ್ತದೆ, ಸುದ್ದಿ ಹಿಂದಕ್ಕೆ ಬರಲ್ಲ. 3 ಗಂಟೆ 6 ನಿಮಿಷಕ್ಕೆ ಆಟ ನಿಲ್ಲಿಸಿದರು. ಸತ್ತವರು 97. ತಪ್ಪು ಬೆಂಬಲಿಗರದೇ ಅಂತ ವರ್ಷಗಟ್ಟಲೆ ಹೇಳಲಾಯಿತು. 2016ರಲ್ಲಿ ಜ್ಯೂರಿ, ಬೆಂಬಲಿಗರ ನಡತೆ ಇದಕ್ಕೆ ಕಾರಣವಲ್ಲ, ಅವರನ್ನು ಕಾನೂನುಬಾಹಿರವಾಗಿ ಕೊಲ್ಲಲಾಯಿತು ಅಂತ ತೀರ್ಪು ಕೊಟ್ಟಿತು. ಇಪ್ಪತ್ತೇಳು ವರ್ಷ ಬೇಕಾಯಿತು.

ಮೊನ್ನೆ ಮೆಟ್ಟಿಲ ಬಾಗಿಲಲ್ಲಿ ನಮ್ಮನ್ನು ತಡೆದ ಆ ಹುಡುಗಿಗೆ ಕೆಲವರು ಬೈದರು. ನಾವೂ ಇನ್ನೊಂದು ದಿನ ಆಗಿದ್ದರೆ ಗೊಣಗುತ್ತಿದ್ದೆವೇನೋ.

ನೀವು ಇಂಥ ಕಡೆ ಸಿಕ್ಕಿಕೊಂಡರೆ: ಕೈಗಳನ್ನು ಬಾಕ್ಸರ್ ಥರ ಎದೆಯ ಮುಂದೆ ಇಟ್ಟುಕೊಳ್ಳಿ, ಉಸಿರಾಡೋಕೆ ಅಷ್ಟು ಜಾಗ ಉಳಿಯುತ್ತದೆ. ಅಲೆ ಬಂದಾಗ ಎದುರು ತಳ್ಳಬೇಡಿ, ಅದರ ಜೊತೆ ಹೋಗಿ. ಅಲೆ ನಿಂತ ಗಳಿಗೆಯಲ್ಲಿ ಓರೆಯಾಗಿ ಅಂಚಿನ ಕಡೆ ಸರಿಯಿರಿ, ಆದರೆ ಗೋಡೆ ಕಂಬಿಗೆ ಒತ್ತಿಕೊಂಡು ನಿಲ್ಲಬೇಡಿ. ಫೋನ್ ಬಿದ್ದರೆ ಬಿಡಿ, ಬಗ್ಗಬೇಡಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿ. ಸುತ್ತ ಎಲ್ಲ ಕಡೆಯಿಂದ ಮೈ ತಾಗೋಕೆ ಶುರುವಾದಾಗಲೇ ಹೊರಟುಬಿಡಿ, ಆಮೇಲೆ ಹೊರಡೋಕಾಗಲ್ಲ.

ಸ್ಕೋರ್ ಹೇಳಲಿಲ್ಲ ಅಲ್ವಾ. ಸೋತ್ವಿ. 1976ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳಲ್ಲಿ ಗಮನಿಸಿದ್ದು: ತಮ್ಮ ಕಾಲೇಜಿನ ತಂಡ ಗೆದ್ದಾಗ "ನಾವು ಗೆದ್ದೆವು" ಅನ್ನುವವರು ಜಾಸ್ತಿ, ಸೋತಾಗ ಆ "ನಾವು" ಕಡಿಮೆಯಾಗುತ್ತದೆ. ವಾಪಸ್ ಬರುವ ಕೋಚಿನಲ್ಲಿ ನಾವು ಕಿವಿಗೊಟ್ಟು ಕೂತಿದ್ವಿ. ಡಿಫೆನ್ಸ್ ಬೈದರು, ಕೋಚನ್ನು ಬೈದರು, ರೆಫರಿಯನ್ನಂತೂ ಕೇಳಬೇಡಿ. ಆದರೆ ಯಾರ ಬಾಯಲ್ಲೂ "ಅವರು ಸೋತರು" ಅಂತ ಬರಲಿಲ್ಲ. 330 ಕಿಲೋಮೀಟರ್ ಬಂದವರ ಮೇಲೆ ಚಾಲ್ಡಿನಿ ಪ್ರಯೋಗ ಮಾಡಿರಲಿಲ್ಲ ಅನಿಸುತ್ತೆ.

ರಾತ್ರಿ ಹತ್ತಕ್ಕೆ ಮನೆ. ಅಜ್ಜ ಇಳಿಯುವಾಗ ಚಿತ್ರಾನ್ನದ ಖಾಲಿ ಡಬ್ಬಿ ತೋರಿಸಿ, ಮುಂದಿನ ಸಲ ಕಡಲೆಬೀಜ ಜಾಸ್ತಿ ಹಾಕಿ ಅಂದರು. ಮುಂದಿನ ಎಪಿಸೋಡಿನಲ್ಲಿ, ಗಂಟಲು ಕಟ್ಟಿದಾಗ ಸ್ವರತಂತುಗಳಿಗೆ ನಿಜವಾಗಿ ಏನಾಗುತ್ತದೆ ಅಂತ ನೋಡೋಣ, ಅಷ್ಟರೊಳಗೆ ನಮ್ಮದು ಸರಿಯಾಗಿದ್ದರೆ.